ಖಾದರನಿಗೆ ನಾನು ಮಾಡಿದ ಗೆಂದಾಳಿ ಚಿಕಿತ್ಸೆ

ಎಸ್ಸೆಸ್ಸೆಲ್ಸಿ ಪಾಸಾದವನು ವೈದ್ಯ ಮಾಡಬಾರದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನಂತೂ ಎರಡನೇ ಸಲಕ್ಕೆ ಪಾಸಾದವನು. ಹಾಗಾಗಿ ಜೊತೆಯವರಿಗಿಂತ ಒಂದು ವರ್ಷ ಹೆಚ್ಚು ಓದಿದ್ದೆ!

ನಮ್ಮೂರು ತಿಪಟೂರಿನ ಪಕ್ಕದ ಬಿಳಿಗೆರೆ. ಹಗಲು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತಿಕೆ, ಬೆಳಿಗ್ಗೆ ಸಂಜೆ ಹಿತ್ತಲಿನಲ್ಲಿ ಸಂಶೋಧನೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಹಿತ್ತಲಲ್ಲಿ ಇಲ್ಲದ ಮದ್ದೇ ಇರಲಿಲ್ಲ. ಅಮೃತಬಳ್ಳಿ, ದೊಡ್ಡಪತ್ರೆ, ನುಗ್ಗೆ, ಹಾಗಲ, ಬಾಳೆ, ಎಲ್ಲಕ್ಕೂ ಮೇಲೆ ಎರಡು ಗೆಂದಾಳಿ ಮರ. ಗೆಂದಾಳಿ ಎಂದರೆ ಕೆಂಪು ಬಣ್ಣದ ಕಾಯಿ ಬಿಡುವ ತೆಂಗು. ಅದರ ಎಳನೀರು ಸಂಜೀವಿನಿಗೆ ಸಮ ಎಂಬುದು ನನ್ನ ಸಿದ್ಧಾಂತ. ಅದನ್ನು ನಾನು ಯಾರ ಮೇಲೂ ಪರೀಕ್ಷಿಸಿರಲಿಲ್ಲ. ಸಿದ್ಧಾಂತವನ್ನು ಪರೀಕ್ಷಿಸುವುದು ಅನುಮಾನ ಇರುವವರು!

ಮೊದಲ ಪ್ರಯೋಗ ಹೆಂಡತಿ ಶಿವಮ್ಮನ ಮೇಲೆ. ಅವಳಿಗೆ ತಲೆನೋವು. ಬೇವಿನ ಚಿಗುರು, ಹಾಗಲಕಾಯಿ ಅರೆದು ಒಂದು ಲೋಟ ರಸ ಕುಡಿಸಿದೆ. ಆ ದಿನವಿಡೀ ಅವಳು ತಂಬಿಗೆ ಹಿಡಿದು ಓಡಾಡಿದಳು. ಸಂಜೆ ಕೇಳಿದೆ, "ತಲೆನೋವು ಹೆಂಗೈತೆ?"

"ತಲೆ ಐತೋ ಇಲ್ವೋ ಅಂತ ನೋಡ್ಕಳಾಕೂ ಪುರುಸೊತ್ತಿಲ್ಲ, ಹೋಗ್ರೀ!"

ಗುಣವಾಯಿತು ಎಂದು ಬರೆದುಕೊಂಡೆ.

ಎರಡನೇ ರೋಗಿ ಪಕ್ಕದ ಮನೆಯ ಮುದುಕ. ಅವನಿಗೆ ಉರಿಮೂತ್ರ. ಮೂರು ದಿನ ಗೆಂದಾಳಿ ಕುಡಿಸಿದೆ. ಉರಿ ನಿಂತೇಹೋಯಿತು! ಬೇಸಿಗೆಯೂ ಅದೇ ವಾರ ಮುಗಿದಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ನಾನಂತೂ ಗಮನಿಸುವ ಗೋಜಿಗೇ ಹೋಗಲಿಲ್ಲ.

ಮೂರನೆಯವನು ಖಾದರ್.

ಖಾದರ್ ತಿಪಟೂರಿನ ದರ್ಜಿ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ನಾನು ಮಂಡಿಗೆ ಹೋಗುವ ದಾರಿ ಅದೇ. ಒಂದು ದಿನ ನೋಡಿದರೆ ಮುಖ ಊದಿದೆ, ಕಾಲು ಊದಿದೆ. ಒಬ್ಬನೇ ತುಮಕೂರಿನ ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಂದಿದ್ದ.

"ಕಿಡ್ನಿ ಕೆಟ್ಟೈತಂತೆ ಕಣ್ಲಾ ಮಲ್ಲ," ಅಂದ, ಕತ್ತರಿ ಕೆಳಗಿಡದೆ.

ಕಿಡ್ನಿ! ನನ್ನ ಕಿವಿ ನೆಟ್ಟಗಾಯಿತು. ಸ್ನೇಹಿತನ ಕಾಯಿಲೆ ಕೇಳಿ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಇಷ್ಟು ದೊಡ್ಡ ಕೇಸು ನನಗೆ ಸಿಕ್ಕಿತಲ್ಲ ಎಂದು ಒಳಗೇ ಹಿಗ್ಗಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮಾರನೇ ಬೆಳಿಗ್ಗೆ ಎರಡು ಗೆಂದಾಳಿ ಎಳನೀರು ಇಳಿಸಿದೆ. ಮದ್ದಿನ ಎಳನೀರು ನೆಲಕ್ಕೆ ಬೀಳಬಾರದು, ಗೊನೆಗೆ ಹಗ್ಗ ಕಟ್ಟಿ ಇಳಿಸಬೇಕು. ಹಾಗೆಯೇ ಇಳಿಸಿ, ಚೀಲದಲ್ಲಿಟ್ಟು, ಸೈಕಲ್ಲಿಗೆ ನೇತುಹಾಕಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮದು ಕೊಬ್ಬರಿ ಸೀಮೆ. ಕಾಯಿ ಬಲಿತು, ಅಟ್ಟ ಸೇರಿ, ವರ್ಷ ಕಾದು ಕೊಬ್ಬರಿಯಾಗಬೇಕು. ಸುಮ್ಮಸುಮ್ಮನೆ ಎಳನೀರು ಕೀಳುವವನನ್ನು ಮನೆಹಾಳ ಎನ್ನುತ್ತಾರೆ. ಕೀಳುವುದು ರೋಗಿಗೆ ಮಾತ್ರ. ಹಾಗೆ ಕಿತ್ತು ತಂದದ್ದನ್ನು ರೋಗಿ ಬೇಡ ಅನ್ನುವ ಹಾಗಿಲ್ಲ. ಅಂದರೆ ತಂದವನ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಖಾದರ್ ಬೇಡ ಅಂದ.

"ಲೇ ಮಲ್ಲ, ಡಾಕ್ಟ್ರು ಎಳನೀರು ಮುಟ್ಟಬ್ಯಾಡ ಅಂದವ್ರೆ."

"ಎಲ್ಲಿ ಡಾಕ್ಟ್ರು?"

"ತುಮಕೂರು."

"ಅವರ ಮನೇಲಿ ಎಷ್ಟು ತೆಂಗಿನ ಮರ ಅವೆ?"

"ಅದ್ನ ನಾನು ಕೇಳ್ಲಿಲ್ಲ ಕಣಪ್ಪ."

"ಕೇಳಬೇಕಿತ್ತು. ಎಳನೀರು ಮೂತ್ರಕ್ಕೆ ಒಳ್ಳೇದು ಅಂತ ನಮ್ಮೂರ ಕರುವಿಗೂ ಗೊತ್ತು. ಸುಮ್ಕೆ ಕುಡಿ."

ಅವನು ನನ್ನ ಮುಖ ನೋಡಿದ, ಕಾಯಿ ನೋಡಿದ. "ಕರುವಿನ ಮಾತು ಮೀರಾಕಾಯ್ತದಾ? ಕೊಡು," ಅಂತ ನಕ್ಕು ಕುಡಿದ.

ಅಂದಿನಿಂದ ದಿನಕ್ಕೆರಡು. ವಾರ ಕಳೆದ ಮೇಲೆ ಬಾಳೆದಿಂಡಿನ ರಸವನ್ನೂ ಸೇರಿಸಿದೆ. ಆಮೇಲೆ ನುಗ್ಗೆಸೊಪ್ಪಿನ ಕಷಾಯ. ಶಿವಮ್ಮ ಒಂದು ದಿನ ಒಲೆಯ ಮುಂದಿನಿಂದಲೇ ಕೇಳಿದಳು, "ಅಲ್ಲಾ ಕಣ್ರೀ, ಅವರ ಕಾಲಿನ ಊತ ಇಳೀತಾ?"

"ಇಳೀತಾ ಐತೆ."

"ಎಲ್ಲಿಗೆ? ನೆನ್ನೆ ಸಂತೇಲಿ ನೋಡ್ದೆ, ಚಪ್ಪಲಿ ಮೆಟ್ಟಾಕಾಗ್ದೆ ಕೈಯಾಗೆ ಹಿಡ್ಕಂಡ್ ಹೋಗ್ತಿದ್ರು."

"ನಿನಗೆ ವೈದ್ಯ ಅರ್ಥ ಆಗಲ್ಲ ಬುಡು. ಗುಣ ಆಗೋಕೆ ಮುಂಚೆ ಒಂದು ಸಲ ಉಲ್ಬಣ ಆಗ್ತದೆ."

ಉಲ್ಬಣ! ಆ ಪದ ನನಗೆ ಬಹಳ ಇಷ್ಟ. ಅದೊಂದು ಪದ ಇದ್ದರೆ ಯಾವ ವೈದ್ಯನೂ ಸೋಲುವುದಿಲ್ಲ.

ಇಪ್ಪತ್ತನೇ ದಿನವೋ ಏನೋ, ಖಾದರನ ಅಂಗಡಿ ಬಾಗಿಲು ಹಾಕಿತ್ತು. ಹೊಲಿಯುತ್ತಾ ಕೂತವನಿಗೆ ಕೈಕಾಲು ಬಿದ್ದುಹೋಗಿ, ಎದೆ ಒಂಥರಾ ಹೊಡೆದುಕೊಂಡು, ಹೆಂಡತಿ ಜುಬೇದಾ ಬಾಡಿಗೆ ಕಾರಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋಗಿದ್ದಳು. ನಾನು ಮುಂದಿನ ಬಸ್ಸಿಗೇ ಹತ್ತಿದೆ. ಬರಿಗೈಲಿ ಹೋಗುತ್ತೇನೆಯೇ? ಆ ದಿನದ ಎರಡು ಗೆಂದಾಳಿ ಚೀಲದಲ್ಲೇ ಇದ್ದವು!

ವಾರ್ಡಿಗೆ ಕಾಲಿಟ್ಟಾಗ ಡಾಕ್ಟರು ಖಾದರನ ಮಂಚದ ಪಕ್ಕದಲ್ಲೇ ನಿಂತಿದ್ದರು. ಜುಬೇದಾ ಔಷಧಿ ತರಲು ಹೋಗಿದ್ದಳು.

"ಎಳನೀರು ಕುಡಿದ್ರಾ?" ಡಾಕ್ಟರು ಕೇಳಿದರು.

ನಾನು ಚೀಲವನ್ನು ಕಾಲಲ್ಲಿ ಮೆಲ್ಲಗೆ ಮಂಚದ ಕೆಳಗೆ ತಳ್ಳಿದೆ.

"ಹೂಂ ಸಾರ್," ಅಂದ ಖಾದರ್.

"ಬೇಡ ಅಂತ ಬಾಯಿ ಬಿಟ್ಟು ಹೇಳಿದ್ದೆನಲ್ರೀ! ಅದರಲ್ಲಿರೋ ಉಪ್ಪಿನಂಶ ಹೊರಗೆ ಹಾಕೋ ಶಕ್ತಿ ನಿಮ್ಮ ಕಿಡ್ನಿಗಿಲ್ಲ. ಅದು ರಕ್ತದಲ್ಲೇ ನಿಂತರೆ ಹೃದಯಾನೇ ನಿಂತುಹೋಗುತ್ತೆ. ಇವತ್ತು ನಿಲ್ಲೋದರಲ್ಲಿತ್ತು. ಯಾರು ಕೊಟ್ಟಿದ್ದು ನಿಮಗೆ?"

ಎಳನೀರಿನಲ್ಲಿ ಉಪ್ಪೇ? ನನಗೆ ಆ ಹೊತ್ತಿನಲ್ಲಿ ಹೊಳೆದದ್ದು, ಹಿಂದಿನ ವರ್ಷ ಗೆಂದಾಳಿ ಬುಡಕ್ಕೆ ನಾನೇ ಅರ್ಧ ಚೀಲ ಉಪ್ಪು ಹಾಕಿದ್ದು. ನನ್ನ ವಿದ್ಯೆ ಅಷ್ಟು!

ಖಾದರ್ ನನ್ನ ಕಡೆ ತಿರುಗಲಿಲ್ಲ. "ಯಾರೂ ಕೊಡಲಿಲ್ಲ ಸಾರ್. ಬಸ್ ಸ್ಟ್ಯಾಂಡ್ ತಾವ ನಾನೇ ಕೊಂಡು ಕುಡೀತಿದ್ದೆ. ಬಾಯಾರಿಕೆ ತಡೀಲಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. "ನೀವು?"

"ಸ್ನೇಹಿತ ಸಾರ್."

"ನೀವಾದ್ರೂ ಇವರಿಗೆ ಬುದ್ಧಿ ಹೇಳಬಾರದಾ?"

ಆಗ ನಾನು ಹೇಳಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ. "ಬಾಳ ಹೇಳ್ದೆ ಸಾರ್. ನಮ್ಮ ಮಾತು ಎಲ್ಲಿ ಕೇಳ್ತಾನೆ ಇವನು!"

ಖಾದರ್ ಆಗ ತಿರುಗಿ ನನ್ನನ್ನು ನೋಡಿದ. ಕೋಪ ಇರಲಿಲ್ಲ. ಹೈಸ್ಕೂಲಿನಲ್ಲಿ ನನಗೆ ಉತ್ತರ ಬರದೆ ಮೇಷ್ಟರ ಮುಂದೆ ನಿಂತಾಗ ಹೀಗೇ ನೋಡುತ್ತಿದ್ದ.

ಜುಬೇದಾ ಬಂದಳು. ಡಾಕ್ಟರು ಅವಳಿಗೂ ಅದನ್ನೇ ಹೇಳಿದರು. ಅವಳು ಮಂಚದ ಕಂಬಿ ಹಿಡಿದು ಗಂಡನಿಗೆ ಬೈದಳು, ಅತ್ತಳು, ಮತ್ತೆ ಬೈದಳು. ನಾನು ಪಕ್ಕದಲ್ಲಿ ನಿಂತು, "ಹೋಗ್ಲಿ ಬುಡಮ್ಮ, ಕಾಯಿಲೆ ಮನುಷ್ಯ," ಎಂದು ಸಮಾಧಾನ ಹೇಳಿದೆ. ಎಂಥ ದೊಡ್ಡ ಮನಸ್ಸು ನನ್ನದು!

ಬರುವಾಗ ಚೀಲ ಬಿಟ್ಟುಬರುವ ಹಾಗಿರಲಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಮಾರುವವನ ಮುಂದೆ ಚೀಲ ಬಿಚ್ಚಿ, "ಇವೆರಡು ಕೊಚ್ಚಿಕೊಡಪ್ಪ," ಅಂದೆ.

"ಯಜಮಾನ್ರೆ, ಊಟ ಕಟ್ಕಂಡ್ ಬಂದು ಹೋಟ್ಲಲ್ಲಿ ಎಲೆ ಕೇಳ್ದಂಗಾಯ್ತಲ್ಲ!" ಅಂದ. ಆದರೂ ಕೊಚ್ಚಿಕೊಟ್ಟ. ನಿಂತಲ್ಲೇ ಎರಡನ್ನೂ ಕುಡಿದೆ. ಕಹಿ ಇದ್ದಿದ್ದರೆ ಚೆನ್ನಾಗಿತ್ತು. ಸಿಹಿಯಾಗಿಯೇ ಇತ್ತು.

ಮನೆಗೆ ಬಂದೆ. ನಡೆದದ್ದನ್ನು ಶಿವಮ್ಮನಿಗೆ ಹೇಳಿದೆ.

"ನಾನೇ ಕುಡಿಸಿದ್ದು ಅಂತ ಹೇಳಿದ್ರಾ?"

"ಹೇಳೋ ಸಂದರ್ಭ ಬರಲಿಲ್ಲ."

"ಬರಲಿಲ್ವಾ? ಸಂದರ್ಭಕ್ಕೆ ಬಾಡಿಗೆ ಕಾರು ಕಳಿಸಬೇಕಿತ್ತಾ?" ಅಂದು ತಟ್ಟೆ ಇಟ್ಟು ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ಅವಳು ನನ್ನ ಜೊತೆ ಉಪ್ಪು, ಹುಳಿ, ಖಾರದ ಹೊರತು ಬೇರೆ ಮಾತಾಡಲಿಲ್ಲ.

ಖಾದರ್ ಎಂಟು ಹತ್ತು ದಿನದಲ್ಲಿ ಮನೆಗೆ ಬಂದ. ಮತ್ತೆ ಮಿಷನ್ನಿನ ಮುಂದೆ ಕೂತ. ಆದರೆ ಮೊದಲಿನ ಖಾದರ್ ಅಲ್ಲ. ನಾಲ್ಕು ಹೊಲಿಗೆ ಹಾಕುವುದು, ಗೋಡೆಗೆ ಒರಗುವುದು. ನಾನು ದಿನವೂ ಹೋಗುತ್ತಿದ್ದೆ, ಬರಿಗೈಲಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, "ಖಾದರ್, ಒಂದು ವಿಷಯ ಹೇಳಬೇಕು," ಅನ್ನುತ್ತಿದ್ದೆ.

ಅವನು ಮಿಷನ್ ನಿಲ್ಲಿಸುತ್ತಿದ್ದ. "ಹೇಳ್ಲಾ."

"ಈ ಅಂಗಿ ಗುಂಡಿ ಬಿದ್ದೋಗೈತೆ."

ಹೀಗೆ ಐದು ತಿಂಗಳಲ್ಲಿ ನನ್ನ ಎಲ್ಲ ಅಂಗಿಗಳ ಗುಂಡಿಗಳೂ ಬಿದ್ದವು. ಒಂದೆರಡನ್ನು ನಾನೇ ಕಿತ್ತುಕೊಂಡು ಹೋಗಿದ್ದೆ. ಅವನು ಒಂದೊಂದನ್ನೂ ಹಚ್ಚಿಕೊಟ್ಟ. ಆರನೇ ತಿಂಗಳು ತೀರಿಹೋದ.

ಮೊದಲೇ ಕೆಟ್ಟಿದ್ದ ಕಿಡ್ನಿ, ಎಳನೀರು ಕುಡಿಯದಿದ್ದರೂ ಹೋಗುತ್ತಿದ್ದ ಎಂದು ಮಂಡಿಯ ಯಜಮಾನರು ಹೇಳಿದರು. ಇರಬಹುದು. ಎಷ್ಟು ದಿನ ಮುಂಚೆ ಹೋದ ಎಂದು ಯಾರಿಗೆ ಗೊತ್ತು? ಗೆಂದಾಳಿ ಮರಗಳನ್ನು ಕಡಿಸಲು ಹೊರಟೆ. ಶಿವಮ್ಮ ಅಡ್ಡ ನಿಂತಳು. "ಮರ ಏನ್ ಮಾಡ್ತು? ಅದು ಮಾತಾಡಿ ಸುಳ್ಳು ಹೇಳ್ತಾ?"

ನಾಲ್ಕು ವರ್ಷ ಕಳೆದವು. ಒಂದು ಭಾನುವಾರ ಒಗೆದ ಪಂಚೆ ಉಟ್ಟು, ಧೈರ್ಯ ಮಾಡಿ ಜುಬೇದಾಳ ಮನೆಗೆ ಹೋದೆ. ಖಾದರನ ಮಿಷನ್ನಿನಲ್ಲಿ ಅವಳು ಯಾರದೋ ರವಿಕೆ ಹೊಲಿಯುತ್ತಿದ್ದಳು. ನಾನು ಕೂರಲಿಲ್ಲ. ಅರ್ಜಿ ಓದುವವನ ಹಾಗೆ ಒಂದೇ ಉಸಿರಿಗೆ ಹೇಳಿದೆ. ಎಳನೀರು ಕೊಟ್ಟವನು ನಾನು, ಅವನು ಬೇಡವೆಂದರೂ ಕುಡಿಸಿದವನು ನಾನು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದವನೂ ನಾನು.

ಜುಬೇದಾ ದಾರ ಕಚ್ಚಿ ಕತ್ತರಿಸಿದಳು.

"ಗೊತ್ತು ಮಲ್ಲಣ್ಣ. ಕುಡಿದ ಬುರುಡೆ ದಿನಾ ಎತ್ತಿ ಹಾಕ್ತಿದ್ದೋಳು ನಾನೇ ಅಲ್ವಾ? ಡಾಕ್ಟ್ರು ಬ್ಯಾಡ ಅಂದಿದ್ದೊಂದು ನಂಗೆ ಗೊತ್ತಿರಲಿಲ್ಲ. ನಮ್ ಬೀದಿಗೆಲ್ಲಾ ಗೊತ್ತು, ನೀವು ತಂದುಕೊಡ್ತಿದ್ದಿದ್ದು."

ನಾಲ್ಕು ವರ್ಷ ನಾನು ಎದೆಯಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದ ಗುಟ್ಟು, ಬೀದಿಯ ಕೋಳಿಗಳಿಗೂ ತಿಳಿದಿತ್ತು!

"ಮತ್ತೆ ನನ್ನ ಯಾಕಮ್ಮ ಕೇಳಲಿಲ್ಲ? ಒಂದು ಮಾತು ಬೈಯಬೇಕಿತ್ತು."

"ಆಸ್ಪತ್ರೆಯಿಂದ ಬಂದ್ಮೇಲೆ ಬೈಯಾಕೇ ಹೊರಟಿದ್ದೆ. ಅವರೇ ತಡೆದರು. 'ನೀನೇನೂ ಅನ್ನಬ್ಯಾಡ, ಮಲ್ಲ ತಾನಾಗೇ ಬಂದು ಹೇಳ್ತಾನೆ. ಎಂಟು ದಿನ ನೋಡು, ಬತ್ತಾನೆ' ಅಂದ್ರು."

ಅವಳು ಮತ್ತೆ ಮಿಷನ್ ತುಳಿಯತೊಡಗಿದಳು.

ನಲವತ್ತು ವರ್ಷ ತಿಪಟೂರಿನ ಜನಕ್ಕೆಲ್ಲ ಒಂದಂಗುಲ ಹೆಚ್ಚುಕಡಿಮೆಯಾಗದಂತೆ ಬಟ್ಟೆ ಹೊಲಿದುಕೊಟ್ಟವನು ಖಾದರ್. ನನ್ನೊಬ್ಬನ ಅಳತೆಯನ್ನು ಮಾತ್ರ ತಪ್ಪಾಗಿ ತೆಗೆದಿದ್ದ. ಬಹಳ ದೊಡ್ಡದಾಗಿ ತೆಗೆದುಬಿಟ್ಟಿದ್ದ.