ಐದು ಬೀದಿಯ ಮೌನ

ನಗರಸಭೆಯ ಆಜ್ಞೆಯನ್ನು ಬೀದಿಬೀದಿಯಲ್ಲಿ ಕೂಗಿ ಸಾರುವವನ ಗಂಟಲು ಎಂಥದ್ದೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಉತ್ಪ್ರೇಕ್ಷೆ ಅಂತ ನನ್ನ ಮೇಲೆ ಹರಿಹಾಯಬೇಡಿ. ಅವನು ಒಂದನೇ ಬೀದಿಯಲ್ಲಿ ಕೆಮ್ಮಿದರೆ ಐದನೇ ಬೀದಿಯಲ್ಲಿ ಒಣಹಾಕಿದ ಪಂಚೆ ತಂತಿಯಿಂದ ಜಾರುತ್ತಿತ್ತು. ಒಂದು ಸಲ ಸೀನಿದ್ದಕ್ಕೆ ನಗರಸಭೆಯ ಗೋಡೆಯ ಸುಣ್ಣ ಉದುರಿ, ಒಳಗಿದ್ದ ಗುಮಾಸ್ತರೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುದುಕರಾಗಿ ಹೊರಬಂದರು. ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ.

ಇಂಥ ಗಂಟಲಿನವನು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದ. ಕಾರಣ, ಅವನ ಜೇಬಿನಲ್ಲಿದ್ದ ಒಂದು ಹಾಳೆ.

ಹಾಳೆಗೆ ಕಾರಣ ಮುಖ್ಯಾಧಿಕಾರಿಯ ಕಾರು. ಅದಕ್ಕೆ ಯಾವುದೋ ತಳ್ಳುಗಾಡಿ ಅಡ್ಡ ಬಂದು ಅರ್ಧ ನಿಮಿಷ ನಿಲ್ಲಬೇಕಾಯಿತು. ಬೇರೆಯವರಾಗಿದ್ದರೆ ಹಾರನ್ ಒತ್ತುತ್ತಿದ್ದರು. ಸಾಹೇಬರು ಕಾನೂನು ಮಾಡಿದರು: "ಇನ್ನು ಮುಂದೆ ಬೀದಿಯಲ್ಲಿ ಯಾವ ತಳ್ಳುಗಾಡಿಯೂ ನಿಲ್ಲತಕ್ಕದ್ದಲ್ಲ. ನಿಂತ ಗಾಡಿಯು ಅದರ ಮೇಲಿನ ಸಾಮಾನುಸಮೇತ ನಗರಸಭೆಗೆ ಸೇರತಕ್ಕದ್ದು. ಚಲಿಸುತ್ತಿರುವ ಗಾಡಿಗೆ ಆಕ್ಷೇಪವಿಲ್ಲ."

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಕಾನೂನೇ ಆಗಲಿ, ಹೊರಟ ದಿನವೇ ಸಂಜೆ ಐದರೊಳಗೆ ಐದೂ ಬೀದಿಯಲ್ಲಿ ಸಾರಿದರೆ ಮಾತ್ರ ಜಾರಿ. ಒಂದು ಬೀದಿ ತಪ್ಪಿದರೂ ಸತ್ತಂತೆ. ಮತ್ತೆ ಸಭೆ ಸೇರಬೇಕು. ಸಭೆಯೋ, ಕಳೆದ ಸಲ ಅರ್ಧ ಕುರ್ಚಿಗಳು ಮುರಿದಿದ್ದರಿಂದ, ವರ್ಷಕ್ಕೊಮ್ಮೆ ಮಾತ್ರ ಸೇರುತ್ತಿತ್ತು.

ಸಾರುವವನ ಹೆಂಡತಿಗೆ ಐದನೇ ಬೀದಿಯಲ್ಲಿ ಒಂದು ತಳ್ಳುಗಾಡಿ ಇತ್ತು. ಅಂಗಿಗುಂಡಿ, ಸೂಜಿ, ದಾರ. ಊರೆಲ್ಲ ಅವಳನ್ನು ಗುಂಡಿಯಕ್ಕ ಅನ್ನುತ್ತಿತ್ತು. ಮನೆ ನಡೆಯುತ್ತಿದ್ದದ್ದು ಆ ಗುಂಡಿಗಳ ಮೇಲೆ. ಅವನ ಸಂಬಳ ಅವನ ಗಂಟಲಿಗೆ ಬೇಕಾದ ಬಿಸಿನೀರಿಗೂ ಸಾಲುತ್ತಿರಲಿಲ್ಲ.

"ಓದ್ತೀರಾ?" ಅಂದಳು ಬೆಳಿಗ್ಗೆ, ಹಾಳೆ ನೋಡಿ.

"ನೌಕರಿ ಕಣೇ."

"ನೌಕರೀನಾ ಅಂತ ಕೇಳ್ಲಿಲ್ಲ. ಓದ್ತೀರಾ ಅಂತ ಕೇಳ್ದೆ."

ಅವನು ಯೋಚಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಯಾರಿಗೂ ಎದುರಾಡಿದವನಲ್ಲ. ಸಾಹೇಬರ ಕುರ್ಚಿ ಖಾಲಿಯಿದ್ದರೂ ಅದಕ್ಕೆ ಕೈಮುಗಿದು ಹೋಗುವ ಆಸಾಮಿ.

"ಓದಲ್ಲ," ಅಂದ. ಅಂದವನು ತಾನೇ ಅಂತ ನಂಬಿಕೆ ಬರದೆ ಹಿಂದೆ ತಿರುಗಿ ನೋಡಿದ.

"ಹಾಗಾದ್ರೆ ಕೇಳಿ. ಕೂಗಾಡಬೇಡಿ, ಕಾಗದ ಹರೀಬೇಡಿ, ಯಾರ ಮೈ ಮೇಲೂ ಹೋಗಬೇಡಿ. ಐದು ಬೀದಿ ಸುಮ್ನೆ ನಡೀರಿ, ಬನ್ನಿ. ನೌಕರಿ ಹೋದ್ರೆ ಹೋಗ್ಲಿ, ಗಾಡಿ ಉಳಿಯುತ್ತೆ. ಜೈಲಿಗೆ ಹಾಕಿದ್ರೆ ಬುತ್ತಿ ನಾನು ತರ್ತೀನಿ."

ಜೈಲಿನ ಮಾತು ಅವಳು ಆಡದಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ದಾರಿಯುದ್ದಕ್ಕೂ ಅನ್ನಿಸಿತು.

ಒಂದನೇ ಬೀದಿ ನಗರಸಭೆಯದೇ. ತಗಡಿನ ತುತ್ತೂರಿ ಹಿಡಿದು ಅವನು ನಿಂತ. ಹಿಂದೆ, ನಿಯಮದಂತೆ, ಸೈಕಲ್ಲಿನ ಮೇಲೆ ದಫ್ತರದ ಗುಮಾಸ್ತ. ಯಾವ ಬೀದಿಯಲ್ಲಿ ಸಾರಿ ಆಯಿತೆಂದು ಗುರುತು ಹಾಕುವುದು ಇವನ ಕೆಲಸ. ಹತ್ತೊಂಬತ್ತು ವರ್ಷದಿಂದ ದಫ್ತರದಿಂದ ತಲೆಯೆತ್ತಿದವನಲ್ಲ. ಸ್ವಂತ ಹೆಂಡತಿಯನ್ನೂ ಪಾದ ನೋಡಿಯೇ ಗುರುತು ಹಿಡಿಯುತ್ತಿದ್ದ.

ತುತ್ತೂರಿ ಮೇಲೆದ್ದಿತು. ಅಭ್ಯಾಸಬಲದಿಂದ ಕಿಟಕಿಗಳು ದಡದಡ ಮುಚ್ಚಿಕೊಂಡವು, ಜನ ಕಿವಿಗೆ ಬೆರಳಿಟ್ಟರು. ಒಂದು ನಿಮಿಷ ಕಳೆಯಿತು. ಏನೂ ಬರಲಿಲ್ಲ. ಒಬ್ಬೊಬ್ಬರಾಗಿ ಬೆರಳು ತೆಗೆದರು. ಕಿಟಕಿಗಳು ಸಂದಿ ಬಿಟ್ಟವು. ಸಾರುವವನು ತುತ್ತೂರಿ ಇಳಿಸಿ ಮುಂದೆ ನಡೆದ. ಇಪ್ಪತ್ತೆರಡು ವರ್ಷ ಅವನು ಕೂಗಿದಾಗ ಬಾಗಿಲು ಹಾಕಿಕೊಂಡಿದ್ದ ಜನ, ಅವನು ಸುಮ್ಮನಾದ ಕೂಡಲೇ ಚಪ್ಪಲಿ ಹುಡುಕಿ ಹಿಂದೆ ಹೊರಟರು.

ಎರಡನೇ ಬೀದಿಯಲ್ಲಿ ಕ್ಷೌರಿಕ ಕತ್ತಿ ಹಿಡಿದೇ ಓಡಿಬಂದ. ಗೊತ್ತಿಲ್ಲದ ಸುದ್ದಿಯೆಂದರೆ ಅವನಿಗೆ ಕಾಲರಿನೊಳಗೆ ಸೇರಿದ ಕೂದಲಿನ ಹಾಗೆ, ತೆಗೆಯುವತನಕ ನೆಮ್ಮದಿಯಿಲ್ಲ.

"ಏನಣ್ಣ ವಿಷಯ?"

ಸಾರುವವನು ತುತ್ತೂರಿಯನ್ನು ಬಗಲಿಗೆ ಸಿಕ್ಕಿಸಿಕೊಂಡ.

"ಗಂಟಲು ಕೆಟ್ಟಿದೆಯಾ?"

ತಲೆ ಅಡ್ಡ ಆಡಿತು.

"ಯಾರಾದ್ರೂ ಸತ್ರಾ? ನನಗೆ ಮಾತ್ರ ಹೇಳು, ನಾನು ಯಾರಿಗೂ ಹೇಳಲ್ಲ," ಎಂದು ಇನ್ನೂರು ಜನರ ಎದುರಿಗೆ ಕೇಳಿ, ಸಾರುವವನ ಜೇಬಿಗೇ ಕೈಹಾಕಿ ಹಾಳೆ ಎಳೆದುಕೊಂಡ. ಗಟ್ಟಿಯಾಗಿ ಓದಿದ. ಓದಿ ಮುಗಿಸಿದಾಗ ಅವನ ಮೀಸೆ ನಡುಗುತ್ತಿತ್ತು.

"ಅನ್ಯಾಯ! ನೋಡ್ರಪ್ಪಾ, ಇದನ್ನ ಓದಬಾರದು ಅಂತಾನೇ ಈತ ಬಾಯಿ ಮುಚ್ಕೊಂಡಿದಾನೆ! ಇವನು ಮನುಷ್ಯ!"

"ನಂದು ಅರ್ಧ ಗಡ್ಡ ಉಳಿದಿದೆ," ಅಂತು ಹಿಂದಿನಿಂದ ಒಂದು ನೊರೆ ಹಚ್ಚಿದ ಮುಖ.

"ನಿನ್ನ ಗಡ್ಡ ದೊಡ್ಡದೋ, ನ್ಯಾಯ ದೊಡ್ಡದೋ? ನಡಿ!"

ನೊರೆಯ ಮುಖವೂ ನಡೆಯಿತು.

ಮೂರನೇ ಬೀದಿಯಲ್ಲಿ ನಿವೃತ್ತ ಹೆಡ್‌ಮಾಸ್ತರರು ಕೊಡೆ ಅಡ್ಡ ಹಿಡಿದು ಇಡೀ ಗುಂಪನ್ನು ನಿಲ್ಲಿಸಿದರು. "ಕಲ್ಲು ಎಸೆಯೋದು ಇಲ್ಲ. ಬೈಯೋದು ಇಲ್ಲ. ಹೊಡೆದರೆ ತಿರುಗಿ ಹೊಡೆಯೋದು ಇಲ್ಲ. ಗಿಡ್ಡಗಿರೋರು ಮುಂದೆ, ಎತ್ತರದೋರು ಹಿಂದೆ. ಈಗ ಹೇಳಿ, ಯಾವ ಕಾನೂನನ್ನ ವಿರೋಧಿಸ್ತಾ ಇದ್ದೀರಿ?"

ಮುನ್ನೂರು ಜನ ಮುನ್ನೂರು ಥರ ಹೇಳಿದರು.

"ಸೊನ್ನೆ! ವಿರೋಧಿಸೋದನ್ನ ಮೊದಲು ಸರಿಯಾಗಿ ಕಲೀಬೇಕು," ಎಂದು ಹಾಳೆ ತೆಗೆದುಕೊಂಡು ಉಕ್ತಲೇಖನದ ವೇಗದಲ್ಲಿ, ಅಲ್ಪವಿರಾಮ ಪೂರ್ಣವಿರಾಮ ಸಮೇತ, ಮೂರು ಸಲ ಓದಿದರು. ತಡವಾಗಿ ಬಂದವರಿಂದ ಒಪ್ಪಿಸಿಕೊಂಡರು. ಸಾರುವವನು ತುತ್ತೂರಿ ಅಪ್ಪಿಕೊಂಡು ಕಣ್ಣೊರೆಸಿಕೊಂಡ. ತನ್ನ ಮೌನಕ್ಕೆ ಇಷ್ಟು ಸದ್ದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ನಾಲ್ಕನೇ ಬೀದಿಗೆ ಬರುವಷ್ಟರಲ್ಲಿ ಜನ ನಲವತ್ತು ಸಾವಿರ. ಊರಿನ ಜನಸಂಖ್ಯೆ ಒಂಬತ್ತು ಸಾವಿರ ಅಂತ ನೀವು ಕೇಳಬಹುದು. ಎಣಿಸಿದವನು ನಾನು, ನೀವಲ್ಲ. ಪೊಲೀಸಿನವನೊಬ್ಬ ಲಾಠಿ ಅಡ್ಡ ಹಿಡಿದ.

"ಏನ್ರೀ ಇದು ಗಲಾಟೆ?"

"ಗಲಾಟೆ ಎಲ್ಲಿದೆ? ನಾವು ಸುಮ್ನೆ ಹೋಗ್ತಿದ್ದೀವಿ," ಅಂದ ಕ್ಷೌರಿಕ. "ಬೇಕಾದ್ರೆ ಎರಡೇಟು ಹಾಕಿ. ತಿಂತೀವಿ."

ಸಾರುವವನು ಕ್ಷೌರಿಕನ ಹಿಂದೆ ಸರಿದ. ಪೊಲೀಸಿನವನಿಗೆ ಯಾರಿಗೆ ಮೊದಲು ಹಾಕಬೇಕೆಂದು ತಿಳಿಯಲಿಲ್ಲ. "ಯಾವ ಕಾನೂನಿನ ತಕರಾರು?" ಅಂದ.

ನಲವತ್ತು ಸಾವಿರ ಕಂಠ ಒಂದೇ ಉಸಿರಿನಲ್ಲಿ ಒಪ್ಪಿಸಿತು, 'ಆಕ್ಷೇಪವಿಲ್ಲ'ದ ತನಕ. ಪೊಲೀಸಿನವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ನಮ್ಮತ್ತೇದೂ ಒಂದು ಗಾಡಿ ಇದೆ," ಎಂದು ಮೆಲ್ಲಗೆ ಹೇಳಿ, ಮೆರವಣಿಗೆಗೆ ದಾರಿ ಬಿಡಿಸಲು ಮುಂದೆ ನಡೆದ.

ಐದನೇ ಬೀದಿಯಲ್ಲಿ ಗುಂಡಿಯಕ್ಕ ಗಾಡಿಯ ಮೇಲೆ ಹತ್ತಿ ನೋಡಿದಳು. ನಲವತ್ತು ಸಾವಿರ ಜನರ ಮುಂದೆ ಬೆವರಿ ತೊಪ್ಪೆಯಾಗಿ ಬರುತ್ತಿದ್ದವನು ತನ್ನ ಗಂಡನೇ! ಜನ ಅವಳಿಗೂ ಒಮ್ಮೆ ಕಾನೂನು ಒಪ್ಪಿಸಿದರು, ಗೌರವಾರ್ಥ. ಅವಳು ಇಳಿದು ಬಂದು ಗಂಡನ ಕಾಲರಿನ ಗುಂಡಿ ಸರಿಮಾಡಿದಳು.

"ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಈ ಧೈರ್ಯಾನ?"

ಅವನು ತುತ್ತೂರಿಯನ್ನು ಅವಳ ಗಾಡಿಯ ಮೇಲಿಟ್ಟ.

"ಬನ್ನಿ, ಬರೆದೋರ ಬಾಗಿಲಲ್ಲೇ ಕೇಳೋಣ," ಎಂದು ಅವಳು ಗಾಡಿ ತಳ್ಳುತ್ತ ಮುಂದಾದಳು.

ಐದಕ್ಕೆ ಎಂಟು ನಿಮಿಷವಿದ್ದಾಗ ಎಲ್ಲರೂ ನಗರಸಭೆಯ ಮುಂದೆ ನೆಲದ ಮೇಲೆ ಕೂತರು. ಮೇಲೆ ಬಾಲ್ಕನಿಯಲ್ಲಿ ಮುಖ್ಯಾಧಿಕಾರಿ ಲೋಟ ಹಿಡಿದು ನಿಂತಿದ್ದರು. ಗುಂಡಿಯಕ್ಕ ತುತ್ತೂರಿ ಎತ್ತಿದಳು.

"'ಯಾವ ತಳ್ಳುಗಾಡಿಯೂ ನಿಲ್ಲತಕ್ಕದ್ದಲ್ಲ' ಅಂತ ಬರೆದಿದ್ದೀರಿ. 'ಸಾಮಾನುಸಮೇತ ನಗರಸಭೆಗೆ ಸೇರತಕ್ಕದ್ದು' ಅಂತ ಬರೆದಿದ್ದೀರಿ. 'ಚಲಿಸುತ್ತಿರುವ ಗಾಡಿಗೆ ಆಕ್ಷೇಪವಿಲ್ಲ' ಅಂತ ದಯೆ ಬೇರೆ ತೋರಿಸಿದ್ದೀರಿ. ನಾವು ಒಪ್ಪಲ್ಲ!"

ಲೋಟ ಕೈಜಾರಿತು. ಸಾರುವವನ ಮನೆಯಲ್ಲಿ ದೊಡ್ಡ ಗಂಟಲು ಯಾರದೆಂದು ಊರಿಗೆ ಅಂದೇ ತಿಳಿದದ್ದು.

ಐದು ಗಂಟೆ ಹೊಡೆಯಿತು. ಸಾರುವವನು ಎದ್ದ. "ಸಾಹೇಬ್ರೇ, ಐದು ಬೀದಿಯಲ್ಲೂ ನಾನು ಒಂದಕ್ಷರ ಸಾರಲಿಲ್ಲ. ಬೇಕಂತಲೇ ಸಾರಲಿಲ್ಲ. ಶಿಕ್ಷೆ ಕೊಡಿ, ತಗೋತೀನಿ."

ಸಾಹೇಬರು ಮೆಟ್ಟಿಲಿಳಿದು ಬಂದರು. ಕಣ್ಣು ಒದ್ದೆಯಾಗಿತ್ತು. ಬಂದವರೇ ಅವನನ್ನು ಬಿಗಿಯಾಗಿ ಅಪ್ಪಿಕೊಂಡರು.

"ಹದಿನಾರು ಕಾನೂನು ಮಾಡಿದೆನಯ್ಯಾ! ಒಂದನ್ನಾದ್ರೂ ಜನ ಕಿವಿಮೇಲೆ ಹಾಕ್ಕೊಂಡ್ರಾ? ಇವತ್ತು ಊರಿಗೆ ಊರೇ ಬಾಯಿಪಾಠ ಮಾಡಿಕೊಂಡು ಬಂದಿದೆ! ಓದ್ರೀ ದಫ್ತರ!"

ಗುಮಾಸ್ತ ಓದಿದ. "ಕಾಲಂ ಮೂರು, ವಿಷಯ ಜನರ ಕಿವಿಗೆ ಬಿತ್ತೇ. ಎರಡನೇ ಬೀದಿ, ಬಿತ್ತು. ಮೂರನೇ ಬೀದಿ, ಮೂರು ಸಲ ಬಿತ್ತು, ವಿರಾಮಚಿಹ್ನೆ ಸಹಿತ. ನಾಲ್ಕನೇ ಬೀದಿ, ಸಾಮೂಹಿಕವಾಗಿ. ಐದನೇ ಬೀದಿ, ಅದೇ ರೀತಿ. ಒಂದನೇ ಬೀದಿ, ನಾಲ್ಕು ಗಂಟೆ ಐವತ್ಮೂರು ನಿಮಿಷ, ಹೆಣ್ಣುಧ್ವನಿ, ಬಹಳ ಸ್ಪಷ್ಟ. ಐದಕ್ಕೈದು. ಜಾರಿ."

"ಸಾರಿದ್ದು ಅವನಲ್ಲವಲ್ರೀ!" ಅಂದ ಕ್ಷೌರಿಕ.

"ಯಾರು ಸಾರಿದ್ರು ಅನ್ನೋದಕ್ಕೆ ಕಾಲಂ ಇಲ್ಲ."

"ನಾವು ಓದಿದ್ದು ವಿರೋಧಿಸೋದಕ್ಕೆ!" ಹೆಡ್‌ಮಾಸ್ತರರ ಕೊಡೆ ನಡುಗಿತು.

"ಅದಕ್ಕೂ ಇಲ್ಲ," ಎಂದು ಗುಮಾಸ್ತ ದಫ್ತರ ಮುಚ್ಚಿದ. ಮುಚ್ಚಿದವನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ತಲೆಯೆತ್ತಿ ಸುತ್ತ ನೋಡಿದ. "ಸಾಹೇಬ್ರೇ, ಆ ಗಾಡಿ ನಿಂತಿದೆ."

"ತಳ್ರೀ!" ಅಂದಳು ಗುಂಡಿಯಕ್ಕ.

ಗಂಡ ತಳ್ಳಿದ. ಹೆಂಡತಿಯೂ ತಳ್ಳಿದಳು. ಪೊಲೀಸಿನವನು, ತನ್ನ ಅತ್ತೆಯನ್ನು ನೆನೆದು, ಕಾನೂನಿನ ಪ್ರಕಾರ ಗಾಡಿಯನ್ನು ನಿಧಾನವಾಗಿ ಹಿಂಬಾಲಿಸಿದ. ಸಾಹೇಬರು ಹಿಂದಿನಿಂದ ಕೂಗಿ ಹೇಳುತ್ತಿದ್ದರು, ನೌಕರಿ ಭದ್ರ, ಇನ್ನು ಮೇಲೆ ಎಲ್ಲ ಕಾನೂನನ್ನೂ ಇದೇ ರೀತಿ ಬಾಯಿ ಮುಚ್ಚಿಕೊಂಡು ಸಾರತಕ್ಕದ್ದು ಅಂತ.

ನಾನು ನೋಡುವಾಗ ಗಾಡಿ ಊರಿಗೆ ಏಳನೇ ಸುತ್ತು ಹಾಕುತ್ತಿತ್ತು. ಮುಂದೆ ಸಾರುವವನು "ದಾರಿ ಬಿಡಿ!" ಅಂತ ಇಪ್ಪತ್ತೆರಡು ವರ್ಷದ ಗಂಟಲಿನಲ್ಲಿ ಅರಚುತ್ತಿದ್ದ. ಪಕ್ಕದಲ್ಲಿ ಕ್ಷೌರಿಕ ಏದುಸಿರು ಬಿಡುತ್ತ ಓಡುತ್ತಿದ್ದ. "ಅಕ್ಕಾ, ಬಿಳೀದು ಕೊಡಿ... ನಾಲ್ಕು ತೂತಿಂದು... ಅಲ್ಲ, ಅಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದು..."