ತಂತಿಯಲ್ಲಿ ಬಂದ ಅತ್ತೆ

ಸತ್ತು ಎಷ್ಟೋ ವರ್ಷವಾಗಿದ್ದ ನಮ್ಮ ಅತ್ತೆ ಟೆಲಿಫೋನ್ ತಂತಿಯಲ್ಲಿ ಮನೆಗೆ ಬರುತ್ತಾರೆಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಬಟ್ಟೆ ಹಿಂಡುವಾಗ.

"ಅಮ್ಮ ಬರ್ತಾಳೆ ಕಣೇ," ಎಂದರು ನಮ್ಮ ಯಜಮಾನರು, ಬಚ್ಚಲ ಬಾಗಿಲಲ್ಲಿ ನಿಂತು.

"ಯಾರಮ್ಮ?"

"ನನ್ನಮ್ಮ. ನಿನ್ನಮ್ಮ ಆಗಿದ್ರೆ ಹೀಗೆ ಬೆವರ್ತಿದ್ಯಾ?"

ಇವರದು ಗಡಿಯಾರ ರಿಪೇರಿಯ ಕಸುಬು. ಮುಂದಿನ ಕೋಣೆಯೇ ಅಂಗಡಿ. ವಾಚನ್ನು ಕಿವಿಗೆ ಹಿಡಿದೇ ಅದರ ರೋಗ ಹೇಳುತ್ತಿದ್ದ ಧನ್ವಂತರಿ. ಆ ವರ್ಷ ಬಲಗಿವಿ ಮುಷ್ಕರ ಹೂಡಿತು. ಎಡಗಿವಿಯೂ ಹೆಚ್ಚು ದಿನ ಉಳಿಯದು ಎಂದು ಕಿವಿ ಡಾಕ್ಟರು ಬರೆದು ತೋರಿಸಿದರು (ಬಾಯಲ್ಲಿ ಹೇಳಿದ್ದು ಇವರಿಗೆ ಕೇಳಿಸಿರಲಿಲ್ಲ). ಇವರಿಗೆ ಹಿಡಿದದ್ದು ಒಂದೇ ಹಂಬಲ: ಕಿವಿ ಪೂರ್ತಿ ಮುಚ್ಚುವ ಮೊದಲು ಅಮ್ಮನ ದನಿ ಒಮ್ಮೆ ಕೇಳಬೇಕು.

ಆ ದನಿ ನಾದಿನಿಯ ಮನೆಯ ಹಳೇ ಟೇಪಿನಲ್ಲಿತ್ತು. ನಾದಿನಿಯ ಅಳಿಯ ಅದನ್ನು ಕಂಪ್ಯೂಟರಿಗೆ ತುಂಬುವಷ್ಟರಲ್ಲಿ ಟೇಪು ಪುಡಿಪುಡಿ. ಸಿ.ಡಿ. ಮಾಡಿ ಅಂಚೆಗೆ ಹಾಕಿದ. ಅತ್ತೆ ಎರಡು ಹೋಳಾಗಿ ಬಂದರು. ಉಳಿದದ್ದು ಇಂಟರ್ನೆಟ್ಟಿನ ದಾರಿ.

ಎದುರು ಮನೆಯ ಟೈಪಿಂಗ್ ಮಾಸ್ತರರು ತಮ್ಮ ಹಳೇ ಕಂಪ್ಯೂಟರನ್ನು ಗಡಿಯಾರಗಳ ನಡುವೆ ಪ್ರತಿಷ್ಠಾಪಿಸಿ, ಅದನ್ನು ನಮ್ಮ ಫೋನಿನ ತಂತಿಗೆ ಗಂಟು ಹಾಕಿದರು.

"ದೊಡ್ಡ ಫೈಲು ಅಕ್ಕಾ. ನಿಮ್ಮ ಲೈನು ನೋಡಿದ್ರೆ ಬಸವನಹುಳ. ನಡುವೆ ಯಾರಾದ್ರೂ ಫೋನ್ ಎತ್ತಿದ್ರೆ ಕಟ್ಟಾಗುತ್ತೆ."

"ಕಟ್ಟಾದ್ರೆ?"

"ಹೆದರಬೇಡಿ. ಬಂದಷ್ಟು ಇಲ್ಲೇ ಇರ್ತಾರೆ, ಮಿಕ್ಕಿದ್ದು ಆಮೇಲೆ ಬರ್ತಾರೆ. ಅದಕ್ಕೇ ಒಂದು ಪ್ರೋಗ್ರಾಮ್ ಹಾಕಿದೀನಿ."

ಹೆದರಬೇಡಿ ಎಂದ ಮೇಲೇ ನನಗೆ ಹೆದರಿಕೆ ಹತ್ತಿದ್ದು. ಪೂರ್ತಿ ಅತ್ತೆಯನ್ನು ನಿಭಾಯಿಸಿದವಳು ನಾನು. ಅರ್ಧ ಮನೆಯಲ್ಲಿ, ಅರ್ಧ ತಂತಿಯಲ್ಲಿರುವ ಅತ್ತೆಯ ಅಭ್ಯಾಸ ಇರಲಿಲ್ಲ.

ಆ ಯಂತ್ರ ಮೊದಲು ಹಲ್ಲು ಕಡಿಯುತ್ತಿತ್ತು, ಆಮೇಲೆ ಕೀರಲು ದನಿಯಲ್ಲಿ ಕೂಗುತ್ತಿತ್ತು, ಕೂಗಿ ಕೂಗಿ ಒಮ್ಮೆಲೇ ಸುಮ್ಮನಾಗುತ್ತಿತ್ತು. ಸುಮ್ಮನಾಯಿತೆಂದರೆ ಅತ್ತೆ ಹೊರಟರೆಂದು ಅರ್ಥ. ಎಡಗಿವಿಗೆ ಕೂಗಿದ್ದಷ್ಟೇ ಇವರಿಗೆ ಕೇಳಿಸುತ್ತಿದ್ದುದರಿಂದ ಸುಮ್ಮನಾದದ್ದನ್ನು ನಾನೇ ಹೇಳಬೇಕು. ಬಂದವರು ಫೋನ್ ಎತ್ತದಂತೆ ಅದರ ಮೇಲೆ ದೊಡ್ಡ ತಪ್ಪಲೆ ಕವಚಿಟ್ಟು, ಪಕ್ಕದಲ್ಲಿ ಕಾವಲು ಕೂತೆ.

"ಶೇಕಡಾ ಹತ್ತು ಬಂದ್ಲು," ಎಂದರು ಇವರು.

"ಹತ್ತು ಅಂದ್ರೆ ಎಲ್ಲೀತನಕ? ಪಾದವಾ, ಮಂಡಿಯಾ?"

"ಬರೀ ಮಾತು ಕಣೇ ಬರೋದು."

"ನಿಮ್ಮಮ್ಮನಲ್ಲಿ ಮಾತು ಬಿಟ್ಟು ಬೇರೇನಿತ್ತು?"

ಲೈನು ದಿನವೂ ಊಟದ ನಂತರ ಕಡಿದು ಹೋಗುತ್ತಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಹೊತ್ತು ಅದು. ಅವರು ಎದ್ದು ಮುಖ ತೊಳೆಯುತ್ತಿದ್ದ ಹೊತ್ತಿಗೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಮಾಸ್ತರರು ಲೈನಿನ ದೋಷವೆಂದರು. ನಾನು ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವುದನ್ನು ಬಿಟ್ಟೆ.

ಅರ್ಧ ದಾಟಿದ ಮೇಲೆ ಮೂಲೆಯ ಬೆತ್ತದ ಕುರ್ಚಿ ಕಿರ್ ಎನ್ನತೊಡಗಿತು. ಯಾರೋ ಭಾರ ಬದಲಿಸಿ ಕೂತಂತೆ. ಒಂದು ಸಲವಂತೂ ತಪ್ಪಲೆಯ ಕೆಳಗಿನಿಂದ ಕೆಮ್ಮು ಕೇಳಿಸಿತು. ಎರಡು ಚಿಕ್ಕದು, ಒಂದು ಎಳೆದದ್ದು. ಅತ್ತೆಯದೇ.

ಇವರ ಎಡಗಿವಿಗೆ ಬಾಯಿಟ್ಟು, "ನಿಮ್ಮಮ್ಮ ಕೆಮ್ಮಿದ್ರು," ಎಂದೆ.

"ಬಿಸಿನೀರಿಡು," ಎಂದರು ಇವರು, ಪರದೆಯಿಂದ ಕಣ್ಣು ಕೀಳದೆ.

ಇಟ್ಟೆ. (ಏನು ಮಾಡಲಿ, ಸೊಸೆಯ ಕೈ.) ಬಟ್ಟೆ ಮಡಚಿಟ್ಟು ಬಂದು ನೋಡಿದರೆ ಲೋಟ ಖಾಲಿ.

"ನೀವು ಕುಡಿದ್ರಾ?"

"ನಾನ್ಯಾಕೆ ಬಿಸಿನೀರು ಕುಡೀಲಿ? ನನಗೇನು ಕೆಮ್ಮಾ?"

ಅತ್ತೆ ತೊಂಬತ್ತು ದಾಟುವಷ್ಟರಲ್ಲಿ ಇವರ ಎಡಗಿವಿಯೂ ಕೈಕೊಟ್ಟಿತು. ನೂರು ತುಂಬಿದ ದಿನ ಸ್ಪೀಕರಿನ ಸದ್ದು ಪೂರ್ತಿ ಏರಿಸಿ, ಅದರ ಮೇಲೆ ಅಂಗೈ ಇಟ್ಟು, ಕೆನ್ನೆಯನ್ನೂ ಇಟ್ಟು ಕಣ್ಣು ಮುಚ್ಚಿದರು. ಗಡಿಯಾರಗಳೆಲ್ಲ ಅದುರುವಂತೆ ಅತ್ತೆ ಗುಡುಗಿದರು: "ಹಾಲು ಮುಚ್ಚು ಅಂತ ಅವಳಿಗೆ ಎಷ್ಟು ಸಲ ಹೇಳೋದು? ಕಿವಿಯೇ ಇಲ್ಲ ಆ ಹುಡುಗಿಗೆ."

ಅಡುಗೆಮನೆಗೆ ಓಡಿದೆ. ಹಾಲು ತೆರೆದೇ ಇತ್ತು. ಮುಚ್ಚಿ ಬಂದೆ.

ಇವರ ಕೆನ್ನೆ ಇನ್ನೂ ಸ್ಪೀಕರಿನ ಮೇಲಿತ್ತು. "ನಡುಗ್ತಾಳೆ ಅಷ್ಟೇ. ಕೇಳಿಸ್ತಿಲ್ಲ ಕಣೇ. ಏನಂದ್ಲು?"

ಆ ಮುಖ ನೋಡಲಾಗಲಿಲ್ಲ. ಎದುರು ನಿಂತು, ತುಟಿ ಓದಲೆಂದು ಬಿಡಿಸಿ ಬಿಡಿಸಿ ಹೇಳಿದೆ: "ನನ್ನ ಸೊಸೆ ಬಂಗಾರ, ಅಂದ್ರು."

ಇವರು ಸ್ಪೀಕರಿನಿಂದ ಕೆನ್ನೆ ಎತ್ತಿದರು. "ನಮ್ಮಮ್ಮ ಹಾಗನ್ನೋಳಲ್ಲ. ಸರಿಯಾಗಿ ಹೇಳು."

ಮತ್ತೇನು, ಸೊಂಟಕ್ಕೆ ಕೈಯಿಟ್ಟು, ಕತ್ತು ಕೊಂಕಿಸಿ, ಅತ್ತೆ ನನ್ನನ್ನು ಬೈದದ್ದನ್ನೆಲ್ಲ ನಾನೇ ನನಗೆ ಬೈದುಕೊಂಡೆ. ಇವರು ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು. ಅಂದಿನಿಂದ ಬೇರೆಯವರು ಊಟದ ಮೇಲೆ ಮಾತ್ರೆ ನುಂಗುವಂತೆ ಇವರಿಗೆ ಒಂದು ಡೋಸು ಬೈಗುಳ. ಬರಬರುತ್ತಾ ಸ್ಪೀಕರು ಬೇಕಾಗಲಿಲ್ಲ. ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು.

ಹಾಗೇ ಒಂದು ದಿನ ನನ್ನ ಬಾಯಿಂದ, "ಗುಂಡೂ, ಕಾಲು ಒಳಗೆ ಎಳ್ಕೋ, ತಂಡಿ," ಎಂದು ಬಂತು. ಅತ್ತೆಯ ಆ ರೆಕಾರ್ಡಿನಲ್ಲಿ ಈ ಮಾತಿರಲಿಲ್ಲ. ಇವರನ್ನು ಯಾರೂ ಗುಂಡು ಎಂದು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಇವರು ಬೆಚ್ಚಲಿಲ್ಲ. ಮಗುವಿನಂತೆ ಕಾಲು ಒಳಗೆ ಎಳೆದುಕೊಂಡರು.

ಇವರ ಕೊನೆಯ ದಿನ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಇಷ್ಟು ವರ್ಷದ ಸಂಸಾರ, ನನಗೆಂದು ಒಂದು ಒಳ್ಳೆಯ ಮಾತು ಉಳಿಸಿಟ್ಟಿರಬಹುದೆಂದು ಬಗ್ಗಿ ಕೂತೆ. ಇವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹೆಗಲಾಚೆ ನೋಡಿ, ಮತ್ತೆ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿಕೊಂಡರು:

"ನೀನು ಸ್ವಲ್ಪ ಹೊರಗೆ ಕೂತಿರ್ತೀಯಾ? ಅಮ್ಮನ ಹತ್ರ ಒಂದು ಮಾತಾಡೋದಿದೆ."