ಹತ್ತು ಮೈಲಿ ಆಚೆಯ ಮನೆಗೆ ನಾಲ್ಕು ಗಾಡಿ

ಕೆಲವರ ಮನೆಯಲ್ಲಿ ವರ್ಷಕ್ಕೊಂದು ನಗುವ ಸಂಗತಿ ನಡೆದರೆ ಹೆಚ್ಚು. ನಮ್ಮ ಭಾವನವರು ಯಾವುದಾದರೂ ಗಾಡಿ ಹತ್ತಿದರೆ ಸಾಕು, ಒಂದಲ್ಲ ಒಂದು ನಡೆದೇ ತೀರುತ್ತಿತ್ತು. ನಗುತ್ತಿದ್ದವರು ಬೇರೆಯವರು, ಬೆವರುತ್ತಿದ್ದವನು ನಾನು.

ಭಾವ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಊಟಕ್ಕೆ ಕೂತರೂ ಒಂದು ಮಂಡಿ ಎದ್ದೇ ಇರುತ್ತಿತ್ತು. ಅಕ್ಕ ಅವರ ಜೊತೆ ಚಾಮರಾಜಪೇಟೆಯ ವಠಾರವೊಂದರಲ್ಲಿ ಹದಿನಾರು ವರ್ಷ ಸವೆಸಿದ್ದಳು. ಒಂಬತ್ತು ಸಂಸಾರ, ಒಂದೇ ನಲ್ಲಿ. ಯುದ್ಧದ ಕಾಲದಲ್ಲಿ ಭಾವ ಕನಕಪುರದ ರಸ್ತೆಯಲ್ಲಿ ಹತ್ತು ಮೈಲಿ ಆಚೆ ಒಂದು ತುಂಡು ಜಮೀನು ಕೊಂಡು, ಎರಡು ಕೋಣೆಯ ಹೆಂಚಿನ ಮನೆ ಎಬ್ಬಿಸಲು ಹೊರಟರು. ಅಲ್ಲಿಗೆ ಒಂದು ಮೊಳೆ ಬೇಕಾದರೂ ಪೇಟೆಯಿಂದಲೇ ಹೋಗಬೇಕು. ಯಾವುದರಲ್ಲಿ ಸಾಗಿಸುವುದು ಎಂಬುದೇ ಪ್ರತಿ ಭಾನುವಾರದ ಚರ್ಚೆ. ಶಂಕರಪುರದಲ್ಲಿ ರೂಮು ಮಾಡಿಕೊಂಡಿದ್ದ ಬ್ರಹ್ಮಚಾರಿ ಗುಮಾಸ್ತ ನಾನು, ಹಾಗಾಗಿ ನನ್ನ ಭಾನುವಾರಗಳೆಲ್ಲ ಭಾವನವರ ಪಾಲು. ಗೃಹಪ್ರವೇಶ ಎರಡು ವರ್ಷ ಮುಂದಕ್ಕೆ ಹೋಯಿತು. ಮೂರನೆಯ ವರ್ಷ ಅಕ್ಕ ಸಿಟ್ಟಿನಿಂದ ಹೇಳಿಬಿಟ್ಟಳು.

"ಈ ಸಲ ಆಷಾಢದೊಳಗೆ ಗೃಹಪ್ರವೇಶ ಆಗ್ಲಿಲ್ಲ ಅಂದ್ರೆ ಆ ಮನೇಲಿ ನೀವೊಬ್ರೇ ಇದ್ಕೊಳ್ಳಿ. ನಾನು ಹೊಸಿಲು ತುಳಿಯಲ್ಲ."

ಅಕ್ಕ ಹೇಳಿದರೆ ಹೇಳಿದಂತೆ. ಭಾವನವರಿಗೆ ಅದು ಗೊತ್ತಿತ್ತು, ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

೧. ಸೈಕಲ್

ಮೊದಲು ಹೋಗಬೇಕಾದದ್ದು ಒರಳುಕಲ್ಲು. ಭಾವ ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದರು. ಬಿಗಿದದ್ದೇ ತಡ, ಮುಂದಿನ ಚಕ್ರ ಮೇಲಕ್ಕೆದ್ದಿತು.

"ಹಿಂದೆ ಭಾರ ಇದ್ರೆ ಮುಂದೂ ಭಾರ ಇರ್ಬೇಕು. ಸುಲಭದ ಲೆಕ್ಕ. ಹ್ಯಾಂಡಲ್ ಮೇಲೆ ಹತ್ತಿ ಕೂತ್ಕೊಳ್ಳೋ."

ಕೂತೆ. ಸೈಕಲ್ ಸರಿಯಾಗಿ ನಿಂತಿತು. ಬಸವನಗುಡಿಯ ತನಕ ಎಲ್ಲ ಸುಗಮ. ಅಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ.

"ಡಬಲ್ಸ್ ಹೋಗೋ ಹಾಗಿಲ್ಲ ಸ್ವಾಮಿ. ಒಬ್ರು ಇಳೀರಿ."

"ಅವನು ಇಳಿಯೋ ಹಾಗಿಲ್ಲಪ್ಪ," ಎಂದರು ಭಾವ.

"ಕಾನೂನು ಎಲ್ರಿಗೂ ಒಂದೇ. ಇಳೀರಿ."

ನಾನು ಕಾನೂನಿಗೆ ತಲೆಬಾಗಿ ಕೆಳಕ್ಕೆ ಹಾರಿದೆ. ಸೈಕಲ್ ಮುಂಗಾಲು ಎತ್ತಿತು. ಭಾವನವರು ಒರಳುಕಲ್ಲಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡತೊಡಗಿದರು. ಪೊಲೀಸಿನವನು ಗಾಬರಿಯಿಂದ ಮುಂದಿನ ಚಕ್ರ ಹಿಡಿದು ನೆಲಕ್ಕೆ ಒತ್ತಿದ. ನನ್ನನ್ನು ತಾನೇ ಕೈಹಿಡಿದು ಹತ್ತಿಸಿ, ಬೇಜಾರಿನಿಂದ ಅಂದ:

"ನೀವು ಸವಾರಿ ಅಲ್ಲ, ಸಾಮಾನು ಅಂತ ಮೊದಲೇ ಹೇಳ್ಬಾರ್ದಿತ್ತಾ ಸ್ವಾಮಿ?"

೨. ಜಟಕಾ

ಭಾವನವರ ತಾಯಿ, ಅಂದರೆ ಅಕ್ಕನ ಅತ್ತೆ, ಒಲೆ ಹಾಕಿಸುವ ಜಾಗ ತೋರಿಸಲು ತಾವೂ ಬರುತ್ತೇನೆಂದರು. ಅವರದು ಬಲು ಮಡಿ. ಚರ್ಮದ ವಸ್ತು ಸೋಕಿದರೆ ಮತ್ತೆ ಸ್ನಾನ. ಜಟಕಾದ ಸಾಬರು ವಯಸ್ಸಾದವರು, ಒಳ್ಳೆಯ ತಾಳ್ಮೆಯವರು. ಅತ್ತೆಯವರು ಕೇಳಿದ್ದಕ್ಕೆ ಚರ್ಮದ ದಿಂಬು ತೆಗೆದು ಹೊಸ ಹುಲ್ಲು ಹಾಸಿದರು. ಚಾವಟಿಯನ್ನು ನನ್ನ ಕೈಗೆ ಕೊಟ್ಟರು. ಲಗಾಮಿನ ಬದಲು ನಮ್ಮ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರು. ನನಗಂತೂ ಹೊತ್ತು ಮೀರುತ್ತಿದೆ ಎಂದು ಕಾಲು ನಿಲ್ಲುತ್ತಿರಲಿಲ್ಲ.

"ಆ ಹೊಟ್ಟೆಪಟ್ಟಿ?" ಎಂದು ಅತ್ತೆ ಮತ್ತೆ ಬೆರಳು ತೋರಿಸಿದರು.

ಸಾಬರು ಅದನ್ನೂ ಗೋಣಿಯಿಂದ ಸುತ್ತಿ, ಕೈಮುಗಿದು, "ಅಮ್ಮಾ, ಇನ್ನು ಉಳಿದಿರೋದು ಕುದುರೆ ಮೈ ಮೇಲಿನ ಚರ್ಮ. ಅದನ್ನೇನ್ ಮಾಡ್ಲಿ?" ಎಂದರು.

ಅತ್ತೆ ಒಂದು ಗಳಿಗೆ ಯೋಚಿಸಿದರು. "ಅದು ಜೀವ ಇರೋ ಚರ್ಮ. ದೋಷ ಇಲ್ಲ," ಎಂದು ತೀರ್ಪು ಕೊಟ್ಟು ಹತ್ತಿದರು.

ಚಾವಟಿಯ ಹೆದರಿಕೆ ಇಲ್ಲ, ಲಗಾಮಿನ ಬಿಗಿ ಇಲ್ಲ. ಕುದುರೆ ಹೊಲ ಗದ್ದೆ ನೋಡುತ್ತಾ, ಬೇಲಿಯ ಸೊಪ್ಪು ಎಳೆಯುತ್ತಾ, ನಿಂತು ನಿಂತು ಹೊರಟಿತು. ಎರಡು ಮೈಲಿಗೆ ಒಂದೂವರೆ ಗಂಟೆ. ಕೊನೆಗೆ ಅತ್ತೆಯವರೇ ಬಾಯಿ ಬಿಟ್ಟರು:

"ಸಾಬರೇ, ಇದು ನಡೆಯೋದ್ ನೋಡಿದ್ರೆ ಆ ಚರ್ಮದ ಮೇಲೆ ನನಗೆ ಮತ್ತೆ ಅನುಮಾನ ಬರ್ತಿದೆ."

೩. ಇದ್ದಿಲು ಬಸ್ಸು

ಪೆಟ್ರೋಲಿಗೆ ಬರ ಬಂದ ದಿನಗಳವು. ಬಸ್ಸುಗಳ ಬೆನ್ನಿಗೆ ದೊಡ್ಡ ಒಲೆಯಂಥ ಕೊಳವೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂದು ಹೇಳುವುದು ಮರ್ಯಾದೆಗೆ. ಏರು ಬಂದರೆ ನಾವೇ ಇಳಿದು ತಳ್ಳಬೇಕು.

ಹೊಸ ಅಡುಗೆಮನೆಗೆಂದು ಭಾವ ಒಂದು ಮೂಟೆ ಇದ್ದಿಲು ಬಸ್ಸಿನ ಮೇಲೆ ಹಾಕಿಸಿದರು. ಕಂಡಕ್ಟರು ಮೂಟೆಗೂ ಟಿಕೆಟ್ ಹರಿದ. ಅರ್ಧ ದಾರಿಯಲ್ಲಿ ಬಸ್ಸು ಕೆಮ್ಮಿ ನಿಂತಿತು. ಇದ್ದಿಲು ಖಾಲಿ. ಇನ್ನು ಡಿಪೋದಿಂದ ಬರಬೇಕು, ಸಂಜೆಯಾಗಬಹುದು ಎಂದ ಡ್ರೈವರ್. ಕೆಳಗಿಳಿದಿದ್ದ ಮೂವತ್ತು ಜನ ಒಟ್ಟಿಗೆ ತಲೆಯೆತ್ತಿ ನಮ್ಮ ಮೂಟೆಯನ್ನು ನೋಡಿದರು.

"ಮೇಷ್ಟ್ರೇ, ದೊಡ್ಡ ಮನಸ್ಸು ಮಾಡಿ," ಎಂದರು ಎಲ್ಲರೂ.

ದೊಡ್ಡ ಮನಸ್ಸು ಮಾಡಲು ಭಾವ ಇಷ್ಟಪಡಲಿಲ್ಲ. ಆದರೆ ಅಷ್ಟರಲ್ಲಿ ಮೂಟೆ ಕೆಳಗಿಳಿದು, ಬಾಯಿ ಬಿಚ್ಚಿ, ಬಸ್ಸಿನ ಹೊಟ್ಟೆ ಸೇರಿಯಾಗಿತ್ತು. ನಮ್ಮ ನಿಲ್ದಾಣದಲ್ಲಿ ಇಳಿದ ಮೇಲೆ ಖಾಲಿ ಗೋಣಿಚೀಲ ಕೈಯಲ್ಲಿ ಹಿಡಿದು ಭಾವ ಕುದಿದುಹೋದರು.

"ಲಗೇಜಿನ ಟಿಕೆಟ್ ದುಡ್ಡಾದ್ರೂ ವಾಪಸ್ ಕೊಡ್ರೀ!"

ಕಂಡಕ್ಟರು ಬಹಳ ನ್ಯಾಯವಾಗಿ ಉತ್ತರ ಕೊಟ್ಟ. "ಹ್ಯಾಗೆ ಕೊಡ್ಲಿ ಸಾರ್? ನಿಮ್ಮ ಲಗೇಜೇ ತಾನೇ ನಮ್ಮನ್ನೆಲ್ಲ ಇಲ್ಲೀತನಕ ತಂದಿದ್ದು!"

೪. ಕೆಂಪು ಗುರುತಿನ ವ್ಯಾನು

ಯುದ್ಧ ಮುಗಿಯಿತು. ಭಾವನವರ ಹಳೆಯ ಶಿಷ್ಯನೊಬ್ಬ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳನ್ನು ಕೊಂಡು ರಿಪೇರಿ ಮಾಡುತ್ತಿದ್ದ. ಗುರುಗಳ ಗೃಹಪ್ರವೇಶಕ್ಕೆಂದು ಒಂದು ವ್ಯಾನು ತಂದು ನಿಲ್ಲಿಸಿದ. ಅದು ಹಿಂದೆ ಆಂಬುಲೆನ್ಸ್. ಎರಡೂ ಪಕ್ಕದಲ್ಲಿ ದಪ್ಪ ಕೆಂಪು ಗುರುತು, ಒಳಗೆ ಮಲಗಿಸುವ ಸ್ಟ್ರೆಚರು.

ಮುಹೂರ್ತದ ಹಿಂದಿನ ದಿನ ಹಾಸಿಗೆ, ಕೊಳಗ, ಚೆಂಬುಗಳನ್ನೆಲ್ಲ ಸ್ಟ್ರೆಚರಿನ ಮೇಲೆ ಪೇರಿಸಿ, ಧೂಳಾಗದಿರಲೆಂದು ಬಿಳಿ ಪಂಚೆ ಹೊದಿಸಿ, ನಾನೂ ಭಾವನೂ ಹೊತ್ತು ಹೊರಟೆವು. ವಠಾರದ ಹೆಂಗಸರೆಲ್ಲ ಬಾಗಿಲಿಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡರು. ಅತ್ತೆಯವರು ವಠಾರಕ್ಕೆ ಹಿರಿಯರು, ನಲ್ಲಿಯಲ್ಲಿ ಮೊದಲ ಸರದಿ ಅವರದೇ. ಎದುರುಮನೆಯಾಕೆ ಅಳುತ್ತಲೇ ಭಾವನ ಹತ್ತಿರ ಬಂದಳು.

"ಎಂಥಾ ಪುಣ್ಯಾತ್ಗಿತ್ತಿ! ನಿನ್ನೆ ತಾನೇ ಮಾತಾಡ್ಸಿದ್ರಲ್ಲ… ಮೇಷ್ಟ್ರೇ, ಇಂಥಾ ಹೊತ್ತಲ್ಲಿ ಕೇಳ್ಬಾರ್ದು. ಬೆಳಿಗ್ಗೆ ಐದು ಗಂಟೆ ನಲ್ಲಿ ಸರದಿ ಇನ್ನು ಯಾರಿಗೆ?"

ಅತ್ತೆಯವರು ಹಿಂದಿನಿಂದ ಉಪ್ಪಿನಕಾಯಿ ಜಾಡಿ ಎತ್ತಿಕೊಂಡು ಬರುತ್ತಿದ್ದರು.

"ಸದ್ಯಕ್ಕೆ ನಂದೇ ಕಣಮ್ಮಾ," ಎಂದರು.

೫. ಮುಹೂರ್ತ

ಮಾರನೆಯ ದಿನ ಜ್ಯೇಷ್ಠದ ಕೊನೆಯ ಮುಹೂರ್ತ, ಹತ್ತೂಕಾಲು ಗಂಟೆಯೊಳಗೆ. ಅದು ತಪ್ಪಿದರೆ ಆಷಾಢ. ಹೊಸ ಮನೆಯೊಳಗೆ ಮೊದಲು ಹಸು ಹೋಗಬೇಕು, ಆಮೇಲೆ ಒಲೆ ಹಚ್ಚಿ ಹಾಲು ಉಕ್ಕಿಸಬೇಕು. ಆ ಹಳ್ಳಿಯಲ್ಲಿ ಹಸು ಇರಲಿಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿದ್ದವು. ಆದರೆ ಅತ್ತೆಯವರಿಗೆ ನಮ್ಮ ಬೀದಿಯ ಹಾಲಿನವನ ಹಸುವೇ ಆಗಬೇಕು, ಅದರ ಗುಣನಡತೆ ಗೊತ್ತಂತೆ. ಸರಿ, ಹಸು, ಹಾಲಿನವನು, ಪುರೋಹಿತರು, ಅತ್ತೆ, ಅಕ್ಕ, ನಾನು, ಎಲ್ಲರೂ ವ್ಯಾನಿನ ಹಿಂಭಾಗದಲ್ಲಿ; ಮುಂದೆ ಗಾಡಿ ಬಿಡುವ ಶಿಷ್ಯನ ಪಕ್ಕ ಭಾವ. ಹಾಲಿನ ತಂಬಿಗೆ ತರಲು ಹೋದ ಅಕ್ಕನನ್ನು ಭಾವ ತಡೆದರು.

"ಹಸೂನೇ ಬರ್ತಿರುವಾಗ ಹಾಲು ಯಾಕೆ ಹೊರ್ತೀಯೆ? ಹಾಲಿಗೆ ಅದೇ ಗಾಡಿ."

ಏರಿನಲ್ಲಿ ಇಂಜಿನ್ ಕುದಿಯಿತು. ಪುರೋಹಿತರು ಜೇಬುಗಡಿಯಾರ ತೆಗೆದರು. ಭಾವ ರಸ್ತೆಯ ಮೇಲೆ ಆ ಕಡೆ ಈ ಕಡೆ ತಿರುಗಾಡಿದರು. ಅಕ್ಕ ಭಾವನವರನ್ನೇ ನೋಡುತ್ತಿದ್ದಳು, ಅದೇ ನನಗೆ ಭಯ. ಕೆಂಪು ಗುರುತು ನೋಡಿ ಹಳ್ಳಿಯವರು ಬಿಂದಿಗೆ ನೀರು ಹಿಡಿದು ಓಡಿ ಬಂದರು. ಒಬ್ಬ ಮುದುಕ ಬಾಗಿಲು ತೆರೆದ. ಹಸು ಅವನ ಮುಖ ನೋಡಿತು.

"ದನಕ್ಕೂ ಗಾಡಿ ಕಳಿಸ್ತಾರಾ ಸರ್ಕಾರದೋರು! ನಮ್ಮೆಮ್ಮೆ ಎರಡ್ ದಿನದಿಂದ ಮೇವು ಮುಟ್ಟಿಲ್ಲ, ಬರ್ತಾ ಹತ್ತಿಸ್ಕೊಂಡೋಗಿ ಸ್ವಾಮಿ," ಎಂದ.

ಅವರ ನೀರನ್ನು ಇಂಜಿನ್ನಿಗೆ ಕುಡಿಸಿ ಮನೆ ಮುಟ್ಟಿದಾಗ ಹತ್ತು ಗಂಟೆ. ಹಸು ಒಳಗೆ ಹೋಗಿ ಬಂತು. ಆದರೆ ದಾರಿಯ ಕುಲುಕಾಟಕ್ಕೆ ಬೆದರಿ ಕೊಟ್ಟದ್ದು ಅರ್ಧ ಸೇರಿಗಿಂತ ಕಡಮೆ ಹಾಲು. ಇದ್ದುದನ್ನೇ ಸಣ್ಣ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟರು. ಹಸಿ ಸೌದೆ, ಊದಿ ಊದಿ ನನ್ನ ಕಣ್ಣು ಕೆಂಪಾಯಿತು. ಗಡಿಯಾರದಲ್ಲಿ ಐದು ನಿಮಿಷ ಉಳಿದಿತ್ತು. ಹಾಲು ಬಿಸಿಯಾಯಿತು, ಅಂಚಿನಲ್ಲಿ ನೊರೆಯೆದ್ದಿತು, ಮೇಲೇರಿತು, ಇನ್ನೇನು ಉಕ್ಕಬೇಕು.

ಅಕ್ಕ ಸೆರಗಿನಲ್ಲಿ ಹಿಡಿದು ಪಾತ್ರೆಯನ್ನು ಟಕ್ಕನೆ ಕೆಳಗಿಳಿಸಿಬಿಟ್ಟಳು.

"ಅಯ್ಯೋ ತಾಯಿ, ಉಕ್ಕಬೇಕಮ್ಮ!" ಎಂದು ಪುರೋಹಿತರು ಚೀರಿದರು.

ಅಕ್ಕ ನಾಲಿಗೆ ಕಚ್ಚಿಕೊಂಡಳು. ಹದಿನಾರು ವರ್ಷ ಹಾಲು ಉಕ್ಕದಂತೆ ಕಾದ ಕೈ ಅದು, ಅವಳ ಮಾತು ಎಲ್ಲಿ ಕೇಳುತ್ತದೆ? ಮತ್ತೆ ಒಲೆಯ ಮೇಲಿಟ್ಟರು. ಮೂರು ನಿಮಿಷ. ಹಾಲು ಮತ್ತೆ ಮೇಲೆದ್ದಿತು. ಅಕ್ಕ ಮತ್ತೆ ಇಳಿಸಿದಳು!

ಮೂರನೆಯ ಸಲ ಭಾವ ಅವಳ ಎರಡು ಕೈಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ಆ ಮನುಷ್ಯ ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ನೋಡಿದ್ದು ಅವತ್ತೇ. ಅಕ್ಕ ಕೊಸರಾಡುತ್ತಿದ್ದಂತೆಯೇ ಹಾಲು ಉಕ್ಕಿತು, ನಾಲ್ಕೂ ಕಡೆ ಸುರಿಯಿತು, ಒಲೆ ಚೊಯ್ಯೆಂದು ಆರಿತು. ಪುರೋಹಿತರು ಗಡಿಯಾರ ನೋಡಿ, "ಮುಹೂರ್ತದೊಳಗೇ ಆಯ್ತು, ಶುಭ!" ಎಂದರು.

ಅಕ್ಕನ ಕಣ್ಣಲ್ಲಿ ನೀರಿತ್ತು. ಭಾವ ಹಿಡಿದ ಕೈ ಸಡಿಲಿಸಿದರು. "ಅಳ್ಬೇಡ ಕಣೇ. ಕೊನೆಗೂ ನಿನ್ನ ಸ್ವಂತ ಮನೆ ಆಯ್ತು," ಎಂದರು.

ಅಕ್ಕ ಖಾಲಿ ಪಾತ್ರೆಯನ್ನು ಎತ್ತಿ ಅವರ ಮುಖಕ್ಕೆ ಹಿಡಿದಳು.

"ಮನೆ ಆಯ್ತು ರೀ. ಇಷ್ಟು ಜನಕ್ಕೆ ಕಾಫಿಗೆ ಏನು ಹಾಕ್ಲಿ?"